‘ಏನೂ ಇಲ್ಲ’ ಎನ್ನುವ ಮನೆಯ ಅಡುಗೆ

ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಒಂದು ಪ್ರಶ್ನೆ ಬೇರೆ ಬೇರೆ ವೇಷ ಹಾಕಿಕೊಂಡು ಬರುತ್ತಲೇ ಇರುತ್ತದೆ. ‘ಆಫೀಸಿನಿಂದ ಬರುವಷ್ಟರಲ್ಲಿ ರಾತ್ರಿ ಎಂಟಾಗಿರುತ್ತದೆ, ಮನೆಯಲ್ಲಿ ಏನೂ ಇರುವುದಿಲ್ಲ, ಏನು ಮಾಡಲಿ?’ ‘ಮಗ ಪುಣೆಯಲ್ಲಿ ರೂಮು ಮಾಡಿಕೊಂಡಿದ್ದಾನೆ, ತರಕಾರಿ ಮುಗಿದ ದಿನ ನೂಡಲ್ಸೇ ಗತಿ. ಅವನಿಗೊಂದು ದಾರಿ ಹೇಳಿ.’ ‘ಹೇಳದೆ ಕೇಳದೆ ನೆಂಟರು ಬಂದರೆ ಥಟ್ಟನೆ ಆಗುವಂಥದ್ದು ಏನಿದೆ?’ ಇವರಿಗೆಲ್ಲ ನಾನು ಒಂದು ಮರುಪ್ರಶ್ನೆ ಕೇಳುತ್ತೇನೆ: ಏನೂ ಇಲ್ಲ ಅಂದಿರಲ್ಲ, ಹಾಗಾದರೆ ಏನೇನು ಇದೆ? ಉತ್ತರ ಹೆಚ್ಚುಕಡಿಮೆ ಒಂದೇ ಥರ. ಅಕ್ಕಿ ಇದೆ, ಒಂದಿಷ್ಟು ರವೆ ಇದೆ, ಬೇಳೆ ಇದೆ, ಡಬ್ಬಿಯ ತಳದಲ್ಲಿ ಅವಲಕ್ಕಿ ಇದೆ. ಎರಡು ಈರುಳ್ಳಿ, ಫ್ರಿಜ್ಜಿನಲ್ಲಿ ಹುಳಿ ಬಂದ ಮೊಸರು, ಒಂದು ಮುಷ್ಟಿ ಹುಣಸೆಹಣ್ಣು, ಕಡಲೆಹಿಟ್ಟು. ಒಗ್ಗರಣೆ ಡಬ್ಬಿಯಂತೂ ಇದ್ದೇ ಇದೆ. ಇಷ್ಟೆಲ್ಲ ಇರುವ ಮನೆಯಲ್ಲಿ ಇಲ್ಲದಿರುವುದು ತರಕಾರಿ ಮಾತ್ರ.

ನಾವು ಅಡುಗೆಯನ್ನು ಹೆಸರಿನಿಂದ ಶುರುಮಾಡುತ್ತೇವೆ, ತೊಡಕು ಇರುವುದೇ ಅಲ್ಲಿ. ಇವತ್ತು ಬಿಸಿಬೇಳೆಭಾತ್ ಎಂದು ತೀರ್ಮಾನಿಸಿ, ಮೊಬೈಲಿನಲ್ಲಿ ವಿಧಾನ ತೆಗೆದು, ಸಾಮಾನಿನ ಪಟ್ಟಿ ಓದುತ್ತೇವೆ. ಪಟ್ಟಿಯಲ್ಲಿ ಎರಡು ಪದಾರ್ಥ ಮನೆಯಲ್ಲಿಲ್ಲ ಎಂದು ಗೊತ್ತಾದ ಕೂಡಲೇ ಕೈಕಾಲು ಸೋಲುತ್ತದೆ. ನನ್ನ ಸಲಹೆ ಏನೆಂದರೆ, ಹೆಸರನ್ನು ಕೊನೆಗಿಡಿ. ಮೊದಲು ನಾಲ್ಕು ವಿಷಯ ನೋಡಿಕೊಳ್ಳಿ. ಹೊಟ್ಟೆ ತುಂಬಿಸುವುದು ಯಾವುದು, ಹುಳಿ ಯಾವುದು, ಮಂದ ಮಾಡುವುದು ಯಾವುದು, ಒಗ್ಗರಣೆಗೆ ಏನಿದೆ? ಉಪ್ಪು, ಖಾರ ಎಲ್ಲ ಮನೆಯಲ್ಲೂ ಇರುತ್ತವೆ. ಈ ನಾಲ್ಕಕ್ಕೆ ಉತ್ತರ ಸಿಕ್ಕಿತೆಂದರೆ ಅಡುಗೆ ಮುಕ್ಕಾಲು ಮುಗಿದ ಹಾಗೆ. ನೀವು ಮಾಡಿದ್ದಕ್ಕೆ ಚಿತ್ರಾನ್ನ, ಗೊಜ್ಜು, ತಂಬುಳಿ, ಝುಣಕ ಎಂದು ನಮ್ಮ ಕಡೆಯ ಯಾವುದೋ ಊರು ಆಗಲೇ ಹೆಸರಿಟ್ಟಿರುತ್ತದೆ.

ಹೊಟ್ಟೆ ತುಂಬಿಸುವ ಪದಾರ್ಥವನ್ನು ಆರಿಸುವಾಗ ರುಚಿಗಿಂತ ಗಡಿಯಾರ ಮುಖ್ಯ. ಎಲ್ಲಕ್ಕಿಂತ ಬೇಗ ಆಗುವುದು ಅವಲಕ್ಕಿ, ಮಂಡಕ್ಕಿ. ಭತ್ತವನ್ನು ನೆನೆಸಿ, ಹುರಿದು, ಕುಟ್ಟಿ ಅವಲಕ್ಕಿ ಮಾಡುವುದರಿಂದ ಬೇಯಿಸುವ ಕೆಲಸ ಅಂಗಡಿಗೆ ಬರುವ ಮೊದಲೇ ಮುಗಿದಿರುತ್ತದೆ. ಗಟ್ಟಿ ಅವಲಕ್ಕಿ ತೊಳೆದು ಬಸಿದಿಟ್ಟರೆ ಈರುಳ್ಳಿ ಹೆಚ್ಚಿ ಒಗ್ಗರಣೆ ಹಾಕುವಷ್ಟರಲ್ಲಿ ಮೆತ್ತಗಾಗಿರುತ್ತದೆ; ಪೇಪರ್ ಅವಲಕ್ಕಿಗೆ ನೀರು ಚಿಮುಕಿಸಿದರೆ ಸಾಕು. ಗಟ್ಟಿ ಅವಲಕ್ಕಿಯನ್ನು ಮಿಕ್ಸಿಯಲ್ಲಿ ತರಿತರಿಯಾಗಿ ತಿರುಗಿಸಿ, ಹುಣಸೆ ನೀರು, ಬೆಲ್ಲ, ಸಾರಿನ ಪುಡಿ, ಉಪ್ಪು ಕಲಸಿಟ್ಟು ಮೇಲೊಂದು ಒಗ್ಗರಣೆ ಕೊಟ್ಟರೆ ಗೊಜ್ಜವಲಕ್ಕಿ. ರವೆಗೆ ಇನ್ನು ಸ್ವಲ್ಪ ಹೊತ್ತು ಬೇಕು. ಅದನ್ನು ಘಮ್ಮೆನ್ನುವ ತನಕ ಹುರಿದುಕೊಂಡರೆ ಗಂಟು ಕಟ್ಟುವುದಿಲ್ಲ, ಒಂದು ಲೋಟ ರವೆಗೆ ಎರಡೂವರೆಯಿಂದ ಮೂರು ಲೋಟ ಕುದಿಯುವ ನೀರು. ಅಕ್ಕಿಹಿಟ್ಟಿದ್ದರೆ ರೊಟ್ಟಿ ತಟ್ಟಬಹುದು. ಗೋಧಿಯ ಹಾಗೆ ಅಕ್ಕಿಹಿಟ್ಟಿಗೆ ಜಿಗಿ ಇಲ್ಲವಾದ್ದರಿಂದ ಬಿಸಿನೀರಿನಲ್ಲಿ ಕಲಸಿ. ಹಿಟ್ಟು ಸ್ವಲ್ಪ ಬೆಂದು ಅಂಟು ಬರುತ್ತದೆ, ರೊಟ್ಟಿ ಬಿರಿಯುವುದಿಲ್ಲ. ನಿನ್ನೆಯ ಅನ್ನ ಒಂದು ಹಿಡಿ ಇದ್ದರೆ ಹಿಸುಕಿ ಸೇರಿಸಿ, ರೊಟ್ಟಿ ಇನ್ನೂ ಮೆದು.

ಈಗ ಹುಳಿಗೆ ಬರೋಣ. ನಮ್ಮ ಅಡುಗೆಯಲ್ಲಿ ಒಂದರ ಬದಲು ಇನ್ನೊಂದನ್ನು ಹಾಕಲು ಇಲ್ಲಿರುವಷ್ಟು ಸ್ವಾತಂತ್ರ್ಯ ಬೇರೆಲ್ಲೂ ಇಲ್ಲ. ಹುಣಸೆ, ನಿಂಬೆ, ಮಜ್ಜಿಗೆ, ಟೊಮೆಟೊ, ಮಾವಿನಕಾಯಿ, ಕರಾವಳಿಯ ಪುನರ್ಪುಳಿ, ಮಲೆನಾಡಿನ ವಾಟೆಹುಳಿ, ಅಂಬಟೆ, ಬಿಂಬುಳಿ, ಹೀಗೆ ಒಂದಿಲ್ಲದಿದ್ದರೆ ಮತ್ತೊಂದು. ಆದರೆ ಒಂದೊಂದು ಹುಳಿಗೂ ಪಾತ್ರೆಗೆ ಬೀಳುವ ಹೊತ್ತು ಬೇರೆ. ಅದು ಗೊತ್ತಿಲ್ಲದೆ ಬದಲಾಯಿಸಿದರೆ ‘ಏನೋ ಸರಿಹೋಗಲಿಲ್ಲ’ ಅನ್ನಿಸುತ್ತದೆ. ಹುಣಸೆಯನ್ನು ಮೊದಲೇ ಹಾಕಿ ಹಸಿ ವಾಸನೆ ಹೋಗುವವರೆಗೆ ಕುದಿಸಬೇಕು. ಟೊಮೆಟೊವನ್ನು ಎಣ್ಣೆಯಲ್ಲಿ ಮೆತ್ತಗಾಗುವ ತನಕ ಬಾಡಿಸಬೇಕು. ನಿಂಬೆರಸಕ್ಕೆ ಇದೆಲ್ಲ ಆಗದು, ಕುದಿಸಿದರೆ ಅದರ ಪರಿಮಳ ಹಾರಿ ಕಹಿ ಉಳಿಯುತ್ತದೆ. ಒಲೆ ಆರಿಸಿದ ಮೇಲೆ ಹಿಂಡುವುದೇ ಸರಿ. ಮೊಸರಿನ ಕಥೆಯೇ ಬೇರೆ. ಹಾಗೇ ಕುದಿಸಿದರೆ ಅದರೊಳಗಿನ ಪ್ರೋಟೀನು ಗಂಟುಗಂಟಾಗಿ ಒಡೆಯುತ್ತದೆ. ಒಂದು ಚಮಚ ಕಡಲೆಹಿಟ್ಟು ಕದಡಿ ಹಾಕಿದರೆ ಹಿಟ್ಟಿನ ಪಿಷ್ಟ ನಡುವೆ ನಿಂತು ಒಡೆಯಲು ಬಿಡುವುದಿಲ್ಲ. ಮಜ್ಜಿಗೆಹುಳಿಗೆ ನೆನೆಸಿದ ಕಡಲೆಬೇಳೆ ರುಬ್ಬಿ ಹಾಕುವುದರ ಹಿಂದೆ ಇದೂ ಒಂದು ಕಾರಣ. ಬೇಳೆ ಬೇಯಿಸುವಾಗಲೂ ಹುಳಿಯ ವಿಷಯದಲ್ಲಿ ಎಚ್ಚರ ಬೇಕು. ಬೇಳೆ ಮೆತ್ತಗಾಗುವ ಮೊದಲೇ ಹುಣಸೆ ಹಾಕಿದರೆ ಅದು ಎಷ್ಟು ಹೊತ್ತಾದರೂ ಕರಗುವುದಿಲ್ಲ, ಹುಳಿ ಬೇಳೆಯ ಗೋಡೆಯನ್ನು ಗಟ್ಟಿಮಾಡುತ್ತದೆ. ಅವಸರದಲ್ಲಿ ಎಲ್ಲವನ್ನೂ ಒಟ್ಟಿಗೆ ಕುಕ್ಕರಿಗೆ ತುಂಬುವವರು ನೆನಪಿಡಬೇಕಾದದ್ದು ಇದು.

ಸಾರಿಗೋ ಗೊಜ್ಜಿಗೋ ಮಂದ ಬರಬೇಕಾದರೆ ತೆಂಗಿನಕಾಯಿಯೇ ಬೇಕು ಎಂಬುದು ನಮ್ಮ ದಕ್ಷಿಣದವರ, ಕರಾವಳಿಯವರ ನಂಬಿಕೆ. ಕಾಯಿಯ ಬೆಲೆ ಏರಿದಾಗ ಪತ್ರಗಳ ಸಂಖ್ಯೆಯೂ ಏರುತ್ತದೆ! ಆದರೆ ಕಾಯಿ ಇಲ್ಲದೆಯೂ ಈ ಕೆಲಸ ಮಾಡುವ ಪದಾರ್ಥಗಳು ಮನೆಯಲ್ಲೇ ಇವೆ. ಹುರಿಗಡಲೆ, ಉತ್ತರ ಕರ್ನಾಟಕದವರ ಪುಟಾಣಿ, ಮೊದಲೇ ಹುರಿದು ಬಂದಿರುವುದರಿಂದ ಪುಡಿ ಮಾಡಿ ಕೊನೆಗೆ ಹಾಕಿದರೂ ನಡೆಯುತ್ತದೆ. ಹುರಿದ ಶೇಂಗಾ ಪುಡಿಯೂ ಹಾಗೆಯೇ. ಕಡಲೆಹಿಟ್ಟು ಹಸಿ, ಅದು ಬೇಯಲೇಬೇಕು, ಇಲ್ಲದಿದ್ದರೆ ನಾಲಗೆಗೆ ಕಹಿ ಹತ್ತುತ್ತದೆ. ಒಂದು ಚಮಚ ನೆನೆಸಿದ ಅಕ್ಕಿಯನ್ನು ಜೀರಿಗೆಯ ಜೊತೆ ರುಬ್ಬಿದರೂ ಮಂದ ಬರುತ್ತದೆ, ಆದರೆ ಅದು ಕುದಿಯುತ್ತ ಕುದಿಯುತ್ತ ಗಟ್ಟಿಯಾಗುತ್ತ ಹೋಗುವುದರಿಂದ ಮೊದಲು ತೆಳ್ಳಗಿರಲಿ. ಎಳ್ಳನ್ನು ಹುರಿದು ಪುಡಿ ಮಾಡಿ ಹಾಕಿದರೆ ಗೊಜ್ಜಿಗೆ ಬೇರೆಯೇ ಘನತೆ.

ಒಗ್ಗರಣೆಯನ್ನು ಕೆಲವರು ಅಲಂಕಾರ ಎಂದುಕೊಂಡಿದ್ದಾರೆ. ತರಕಾರಿ ಇಲ್ಲದ ದಿನ ಅದೇ ಅಡುಗೆ. ಮೆಣಸಿನಕಾಯಿ, ಇಂಗು, ಕರಿಬೇವುಗಳ ಪರಿಮಳ ನೀರಿಗಿಂತ ಎಣ್ಣೆಯಲ್ಲಿ ಚೆನ್ನಾಗಿ ಬಿಡುತ್ತದೆ, ಎಣ್ಣೆಯ ಮೂಲಕ ಇಡೀ ಪಾತ್ರೆಗೆ ಹರಡುತ್ತದೆ. ಕ್ರಮ ತಪ್ಪಬಾರದು. ಎಣ್ಣೆ ಕಾದ ಮೇಲೆ ಸಾಸಿವೆ, ಅದು ಚಟಪಟ ಸಿಡಿದು ನಿಂತ ಮೇಲೆ ಉದ್ದಿನಬೇಳೆ, ಕಡಲೆಬೇಳೆ, ಅವು ಕೆಂಪಗಾದ ಮೇಲೆ ಒಣಮೆಣಸಿನಕಾಯಿ, ಕೊನೆಗೆ ಕರಿಬೇವು, ಇಂಗು. ಕಾಳಿನೊಳಗಿನ ತೇವ ಆವಿಯಾಗಿ ಸಿಪ್ಪೆ ಒಡೆದು ಬರುವುದೇ ಸಾಸಿವೆ ಸಿಡಿಯುವುದು. ಸಿಡಿಯದೆ ಉಳಿದ ಸಾಸಿವೆ ಕಹಿ. ಮೆಣಸಿನಕಾಯಿ ಬದಲಿಸುವಾಗ ಲೆಕ್ಕವನ್ನೂ ಬದಲಿಸಬೇಕು. ಬ್ಯಾಡಗಿ ಬಣ್ಣಕ್ಕೆ, ಗುಂಟೂರು ಖಾರಕ್ಕೆ. ನಾಲ್ಕು ಬ್ಯಾಡಗಿ ಹಾಕುವಲ್ಲಿ ನಾಲ್ಕು ಗುಂಟೂರು ಹಾಕಿದರೆ ಊಟಕ್ಕೆ ಕೂತವರ ಕಣ್ಣಲ್ಲಿ ನೀರು.

ಈ ನಾಲ್ಕರ ಲೆಕ್ಕವನ್ನು ನಾನು ಕಲಿತದ್ದು ಮಲೆನಾಡಿನ ಅಜ್ಜಿಮನೆಯ ಮಳೆಗಾಲದಲ್ಲಿ. ಆಷಾಢದ ಮಳೆ ಹಿಡಿದರೆ ಪೇಟೆಗೆ ಹೋಗುವ ಮಾತೇ ಇಲ್ಲ, ಹಿತ್ತಲಿನಲ್ಲಿ ತರಕಾರಿ ಕೊಳೆತು ಹೋಗಿರುತ್ತಿತ್ತು. ಆಗ ದಿನಕ್ಕೊಂದು ತಂಬುಳಿ. ದೊಡ್ಡಪತ್ರೆಯೋ ಒಂದೆಲಗವೋ ಒಂದು ಹಿಡಿ ತಂದು, ಜೀರಿಗೆ, ನಾಲ್ಕು ಕಾಳುಮೆಣಸಿನ ಜೊತೆ ತುಪ್ಪದಲ್ಲಿ ಬಾಡಿಸಿ, ಕಾಯಿಯೊಂದಿಗೆ ರುಬ್ಬಿ, ಮಜ್ಜಿಗೆಗೆ ಬೆರೆಸಿ ಒಗ್ಗರಣೆ ಕೊಟ್ಟರೆ ಆಯಿತು, ಕುದಿಸುವುದೇ ಇಲ್ಲ. ಸೊಪ್ಪೂ ಸಿಗದ ದಿನ ಒಂದು ಚಮಚ ಮೆಂತ್ಯ ಹುರಿದು ಮೆಂತ್ಯದ ತಂಬುಳಿ, ಇಲ್ಲವೇ ಶುಂಠಿ. ಅದೂ ಬೇಡವೆಂದರೆ ಒಣಗಿಸಿಟ್ಟ ದಾಳಿಂಬೆ ಸಿಪ್ಪೆ, ನೆಲ್ಲಿಚಟ್ಟು. ಹೀರೆಕಾಯಿಯ ಸಿಪ್ಪೆ ಚಟ್ನಿಗೆ, ಕಲ್ಲಂಗಡಿಯ ಬಿಳಿ ಭಾಗ ದೋಸೆಗೆ. ಬಡತನದ ಲೆಕ್ಕಾಚಾರ ಇದರಲ್ಲಿ ಇರಲಿಲ್ಲವೆಂದಲ್ಲ, ಇತ್ತು. ಆದರೆ ತಿನ್ನುವವರಿಗೆ ಅದು ಬಡತನದ ಊಟವಾಗಿ ಕಾಣುತ್ತಿರಲಿಲ್ಲ, ಏಕೆಂದರೆ ಹುಳಿ, ಖಾರ, ಉಪ್ಪು, ಘಮ ನಾಲ್ಕೂ ತಟ್ಟೆಯಲ್ಲಿ ಸರಿಯಾಗಿ ಇರುತ್ತಿದ್ದವು.

ಕಾಯಿಯ ಹಂಗಿಲ್ಲದ ಅಡುಗೆ ಹೇಗಿರುತ್ತದೆಂದು ತೋರಿಸಿದವರು ಬೆಂಗಳೂರಿನಲ್ಲಿ ನಮ್ಮ ನೆರೆಯಲ್ಲಿದ್ದ ಬಾಗಲಕೋಟೆ ಕಡೆಯವರು. ‘ಕಾಯಿಪಲ್ಲೆ ಇಲ್ಲಂದ್ರ ಏನಾತ್ರೀ ಅಕ್ಕಾರ, ಕಡ್ಲಿಹಿಟ್ಟ ಐತಲ್ಲ!’ ಎನ್ನುತ್ತ ಅವರು ಒಲೆ ಹಚ್ಚುತ್ತಿದ್ದರು. ಸಾಸಿವೆ, ಜೀರಿಗೆ, ಜಜ್ಜಿದ ಬೆಳ್ಳುಳ್ಳಿ, ಹಸಿಮೆಣಸಿನಕಾಯಿ, ಈರುಳ್ಳಿಯ ಒಗ್ಗರಣೆಗೆ ನೀರು ಹಾಕಿ ಕುದಿಸಿ, ಉಪ್ಪು ಅರಿಶಿನ ಸೇರಿಸಿ, ಕಡಲೆಹಿಟ್ಟನ್ನು ಉದುರಿಸುತ್ತ ಕೈಬಿಡದೆ ತಿರುವಿ, ಮುಚ್ಚಿ ಸಣ್ಣ ಉರಿಯಲ್ಲಿ ಬೇಯಲು ಬಿಟ್ಟರೆ ಝುಣಕ. ನೀರು ಜಾಸ್ತಿ ಮಾಡಿದರೆ ಪಿಟ್ಲಾ. ತಟ್ಟೆಗೆ ಹರವಿ ಆರಿಸಿ ಕೊಯ್ದರೆ ಝುಣಕದ ವಡಿ. ಬಿಸಿ ಜೋಳದ ರೊಟ್ಟಿಯನ್ನು ಬೆಳ್ಳುಳ್ಳಿ, ಮೆಣಸಿನಕಾಯಿ, ಉಪ್ಪಿನ ಜೊತೆ ಕುಟ್ಟಿ ಉಂಡೆ ಕಟ್ಟಿದರೆ ಮುಟಗಿ. ಚುರುಮುರಿಯನ್ನು ನೀರಿನಲ್ಲಿ ಅದ್ದಿ ಹಿಂಡಿ, ಒಗ್ಗರಣೆಗೆ ಹಾಕಿ, ಮೇಲೆ ಪುಟಾಣಿ ಹಿಟ್ಟು ಉದುರಿಸಿದರೆ ಸುಸಲಾ. ಮಲೆನಾಡಿನ ಮಜ್ಜಿಗೆಗೂ ಬಯಲುಸೀಮೆಯ ಹಿಟ್ಟಿಗೂ ಎಷ್ಟು ದೂರ! ಆದರೂ ಎರಡೂ ಕಡೆ ಲೆಕ್ಕ ಅದೇ. ಇರುವುದೊಂದನ್ನು ನೆಚ್ಚಿಕೊಂಡು ಉಳಿದ ಮೂರನ್ನು ಅದರ ಸುತ್ತ ಹೊಂದಿಸುವುದು.

ದೂರದ ದೇಶಗಳಲ್ಲಿರುವ ಕನ್ನಡಿಗರ ಪತ್ರಗಳಲ್ಲೂ ಈ ಲೆಕ್ಕ ಕಾಣುತ್ತದೆ. ಮಾವಿನಕಾಯಿ ಸಿಗದ ಊರಿನಲ್ಲಿ ಹುಳಿಯಾದ ಹಸಿರು ಸೇಬನ್ನು ತುರಿದು ಚಿತ್ರಾನ್ನ ಮಾಡುತ್ತಾರೆ, ಅಮೆರಿಕದಲ್ಲಿರುವವರು ಕ್ರ್ಯಾನ್‌ಬೆರಿಯಿಂದ ಗೊಜ್ಜು, ಉಪ್ಪಿನಕಾಯಿ ಹಾಕುತ್ತಾರೆ. ಗ್ರೀಕ್ ಮೊಸರು ಗಟ್ಟಿ, ಹುಳಿ ಕಡಿಮೆ ಎಂದು ದೂರುವವರಿಗೆ ನಾನು ಹೇಳುವುದಿಷ್ಟು: ನೀರು ಬೆರೆಸಿ ಕಡೆಯಿರಿ, ನಾಲ್ಕು ಹನಿ ನಿಂಬೆರಸ ಹಾಕಿ, ತಂಬುಳಿಗೆ ಧಾರಾಳವಾಗಿ ಆಗುತ್ತದೆ.

ಇದ್ದುದರಲ್ಲಿ ಹೊಂದಿಸುವುದು ಎಂದರೆ ಉಳಿದದ್ದನ್ನೆಲ್ಲ ಕಣ್ಣುಮುಚ್ಚಿ ಬಳಸುವುದಲ್ಲ. ಚಿತ್ರಾನ್ನಕ್ಕೆ ನಿನ್ನೆಯ ಅನ್ನ ಒಳ್ಳೆಯದೇ, ತಣ್ಣಗಾದಾಗ ಅಗುಳು ಗಟ್ಟಿಯಾಗಿ ಬಿಡಿಬಿಡಿಯಾಗುತ್ತದೆ. ಆದರೆ ಆ ಅನ್ನ ರಾತ್ರಿಯಿಡೀ ಕಟ್ಟೆಯ ಮೇಲೆ ಕೂತಿರಬಾರದು. ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಾಣುಗಳು ಇರಬಹುದು, ಅನ್ನ ಬೇಯಿಸಿದರೂ ಅವು ಸಾಯುವುದಿಲ್ಲ. ಬೆಚ್ಚಗಿನ ಅನ್ನದಲ್ಲಿ ಮೊಳೆತು ಬೆಳೆಯುತ್ತವೆ, ಅವು ಬಿಡುವ ಒಂದು ಬಗೆಯ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಊಟವಾದ ಮೇಲೆ ಉಳಿದ ಅನ್ನವನ್ನು ಅಗಲ ತಟ್ಟೆಗೆ ಹರವಿ ಆರಿಸಿ, ಒಂದೆರಡು ಗಂಟೆಯೊಳಗೆ ಫ್ರಿಜ್ಜಿಗೆ ಸೇರಿಸಿ, ಮರುದಿನ ಮುಗಿಸಿ. ಹಸಿರಾದ ಆಲೂಗಡ್ಡೆಯೂ ಅಷ್ಟೆ. ಮೊಳಕೆ ಬಂದ ಈರುಳ್ಳಿಯನ್ನು ಬಳಸಬಹುದು, ಹಸಿರು ತಿರುಗಿ ಕಹಿಯಾದ ಆಲೂಗಡ್ಡೆಯನ್ನು ಬಿಸಾಡುವುದೇ ವಾಸಿ, ಅದರಲ್ಲಿ ಸೊಲನಿನ್ ಎಂಬ ವಿಷ ಸೇರಿರುತ್ತದೆ. ಉಳಿಸುವ ಹುಮ್ಮಸ್ಸಿನಲ್ಲಿ ಹೊಟ್ಟೆ ಕೆಡಿಸಿಕೊಳ್ಳುವುದರಲ್ಲಿ ಜಾಣತನವಿಲ್ಲ.

ದಿಢೀರ್ ಅಡುಗೆಯ ಬಗ್ಗೆ ಮಾತಾಡುವಾಗ ನಾವು ಮರೆಯುವ ಸಂಗತಿಯೊಂದಿದೆ. ಇವತ್ತಿನ ಹತ್ತು ನಿಮಿಷದ ಹಿಂದೆ ಯಾವತ್ತೋ ಒಂದು ಮಧ್ಯಾಹ್ನದ ಪುರುಸೊತ್ತಿನ ಕೆಲಸ ಇದ್ದೇ ಇರುತ್ತದೆ. ಸಾರಿನ ಪುಡಿ, ಚಟ್ನಿಪುಡಿ, ಪುಳಿಯೋಗರೆ ಗೊಜ್ಜು, ಶೇಂಗಾ ಹಿಂಡಿ, ಅಗಸಿ ಹಿಂಡಿ, ಸಂಡಿಗೆ, ಬಾಳಕದ ಮೆಣಸು, ಮಲೆನಾಡು ಕರಾವಳಿಗಳಲ್ಲಿ ಉಪ್ಪುನೀರಿಗೆ ಹಾಕಿಟ್ಟ ಮಾವಿನಕಾಯಿ, ಹಲಸಿನ ತೊಳೆ, ಎಲ್ಲವೂ ಬಿಸಿಲಿದ್ದಾಗ ದುಡಿದು ಮಳೆಗೆ ಕೂಡಿಟ್ಟವು. ಅವುಗಳ ಮೇಲೆಯೇ ಅವಸರದ ಊಟ ನಿಂತಿರುವುದು. ಸಾರಿನ ಪುಡಿ ಇದ್ದರೆ ಹುಣಸೆ ನೀರಿನಿಂದಲೇ ಸಾರಾಗುತ್ತದೆ, ಬೇಳೆಯೂ ಬೇಡ. ಆದ್ದರಿಂದ ಅಡುಗೆ ಬೇಗ ಆಗಬೇಕೆನ್ನುವವರು ಕೆಲಸದ ದಿನ ಹೊಸ ವಿಧಾನ ಹುಡುಕುವ ಬದಲು ಭಾನುವಾರ ಒಂದು ಪುಡಿ ಮಾಡಿಟ್ಟುಕೊಳ್ಳುವುದು ಮೇಲು. ಕೊಂಡು ತಂದರೂ ತಪ್ಪೇನಿಲ್ಲ. ಸಿದ್ಧ ಪುಡಿ, ಸಿದ್ಧ ಹಿಟ್ಟುಗಳನ್ನು ಸೋಮಾರಿತನ ಎಂದು ಮೂಗು ಮುರಿಯುವವರು ಬೆಂಗಳೂರಿನ ಮಾವಳ್ಳಿ ಟಿಫಿನ್ ರೂಮ್ಸ್ ಕಥೆ ಕೇಳಬೇಕು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಕ್ಕಿಗೆ ಬರ ಬಂದಾಗ, ಇದ್ದ ರವೆಯಲ್ಲೇ ಇಡ್ಲಿ ಮಾಡಿ ನೋಡಿದೆವು, ರವೆ ಇಡ್ಲಿ ಹುಟ್ಟಿದ್ದು ಹಾಗೆ ಎಂದು ಆ ಹೋಟೆಲಿನವರು ಹೇಳಿಕೊಂಡು ಬಂದಿದ್ದಾರೆ. ಮುಂದೆ 1975ರ ತುರ್ತುಪರಿಸ್ಥಿತಿಯಲ್ಲಿ ಹೋಟೆಲ್ ತಿಂಡಿಯ ದರ ಇಳಿಸಬೇಕಾಗಿ ಬಂದು ಕಷ್ಟಕ್ಕೆ ಸಿಕ್ಕಾಗ ಅವರು ಸಿದ್ಧ ಮಿಶ್ರಣಗಳ ವ್ಯಾಪಾರಕ್ಕೆ ತಿರುಗಿದರು. ಎರಡು ಸಲವೂ ಅವರು ಮಾಡಿದ್ದು ಇದ್ದುದರಲ್ಲಿ ಹೊಂದಿಸುವ ಕೆಲಸವನ್ನೇ. ಅಂದಹಾಗೆ, ಫ್ರಿಜ್ಜಿನ ಆ ಹುಳಿ ಮೊಸರಿಗೆ ರವೆ ಇಡ್ಲಿಗಿಂತ ಒಳ್ಳೆಯ ಗತಿ ಇಲ್ಲ. ಮೊಸರಿನ ಹುಳಿ ಅಡುಗೆಸೋಡಾದೊಂದಿಗೆ ಸೇರಿ ಗಾಳಿಗುಳ್ಳೆ ಎಬ್ಬಿಸುವುದರಿಂದ ಹಿಟ್ಟು ರಾತ್ರಿಯಿಡೀ ಹುದುಗಬೇಕಾಗಿಲ್ಲ.

ಈಗಂತೂ ದೊಡ್ಡ ಊರುಗಳಲ್ಲಿ ಬೆರಳೊತ್ತಿದರೆ ಕೊತ್ತಂಬರಿ ಸೊಪ್ಪು ಬಾಗಿಲಿಗೆ ಬರುತ್ತದೆ. ಅನುಕೂಲವೇ ಸರಿ, ವಯಸ್ಸಾದವರಿಗೆ ದೊಡ್ಡ ಉಪಕಾರ. ಆದರೆ ಒಂದು ಅಡುಗೆಗೆಂದು ತರಿಸಿದ ಕಟ್ಟಿನಲ್ಲಿ ಕಾಲು ಭಾಗ ಬಳಸಿ, ಮುಕ್ಕಾಲು ಭಾಗ ಫ್ರಿಜ್ಜಿನಲ್ಲಿ ಕಪ್ಪಾಗುವುದನ್ನು ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ. ಇಲ್ಲದ್ದನ್ನು ತರಿಸುವುದು ಅಭ್ಯಾಸವಾದರೆ ಇರುವುದನ್ನು ನೋಡುವುದು ನಿಂತುಹೋಗುತ್ತದೆ. ಕೊತ್ತಂಬರಿ ಇಲ್ಲದಿದ್ದರೆ ಕರಿಬೇವು, ಅದೂ ಇಲ್ಲದಿದ್ದರೆ ಒಂದು ಚಿಟಿಕೆ ಇಂಗು ಜಾಸ್ತಿ. ಉಪ್ಪಿಟ್ಟು ಇದರಿಂದ ಕೆಡುವುದಿಲ್ಲ.

ಇನ್ನೊಂದು ಮಾತನ್ನೂ ಹೇಳಿಬಿಡುತ್ತೇನೆ, ಕೆಲವರಿಗೆ ಹಿಡಿಸಲಿಕ್ಕಿಲ್ಲ. ‘ಅಮ್ಮ ಏನೂ ಇಲ್ಲದಿದ್ದರೂ ಅಡುಗೆ ಮಾಡಿಬಿಡುತ್ತಿದ್ದಳು’ ಎಂದು ಹೊಗಳುವುದು ಸುಲಭ. ಡಬ್ಬಿಗಳಲ್ಲಿ ಏನಿದೆ, ಎಷ್ಟಿದೆ, ಯಾವುದು ನಾಳೆಗೆ ಕೆಡುತ್ತದೆ ಎಂಬ ಲೆಕ್ಕವನ್ನು ಒಬ್ಬರೇ ತಲೆಯಲ್ಲಿ ಹೊತ್ತುಕೊಂಡಿದ್ದರಿಂದ ಅದು ಸಾಧ್ಯವಾಗುತ್ತಿತ್ತು. ಆ ಲೆಕ್ಕ ಮನೆಯ ಉಳಿದವರಿಗೆ ಗೊತ್ತಿಲ್ಲದ ಕಾರಣವೇ ಆಕೆ ಊರಿಗೆ ಹೋದ ದಿನ ‘ಮನೆಯಲ್ಲಿ ಏನೂ ಇಲ್ಲ’ ಆಗುವುದು. ಹನ್ನೊಂದನೆಯ ಶತಮಾನದ ಚಾವುಂಡರಾಯ ‘ಲೋಕೋಪಕಾರ’ವನ್ನು ಬರೆದಾಗ ನೀರಿನ ಸೆಲೆ ಹುಡುಕುವುದು, ಮರಗಿಡಗಳ ಆರೈಕೆ, ದನಕರುಗಳ ರೋಗಕ್ಕೆ ಮದ್ದು, ಇವುಗಳ ಸಾಲಿನಲ್ಲೇ ಅಡುಗೆಗೂ ಜಾಗ ಕೊಟ್ಟ. ಸಂಸಾರ ಮಾಡುವ ಯಾರಿಗಾದರೂ ಬೇಕಾದ ತಿಳಿವಳಿಕೆ ಎಂದೇ ಅಲ್ಲವೇ? ಗಂಡಸರು ವರ್ಷಕ್ಕೊಮ್ಮೆ ಬಿರಿಯಾನಿ ಮಾಡಿ ಹೊಗಳಿಸಿಕೊಳ್ಳುವುದಕ್ಕಿಂತ ವಾರದ ನಡುವಿನ ಒಂದು ರಾತ್ರಿ ಯಾರನ್ನೂ ಕೇಳದೆ ಹುಣಸೆ ಡಬ್ಬಿ ಹುಡುಕಿ ಗೊಜ್ಜು ಮಾಡುವುದರಲ್ಲಿ ಮನೆಗೆ ಹೆಚ್ಚು ಉಪಕಾರವಿದೆ.

ಹಾಗಾದರೆ ಮನೆಯಲ್ಲಿ ಯಾವಾಗಲೂ ಏನೇನು ಇಟ್ಟುಕೊಂಡಿರಬೇಕು ಎಂದು ಕೇಳುವವರಿಗೆ ನನ್ನ ಪಟ್ಟಿ ಚಿಕ್ಕದು. ಗಟ್ಟಿ ಅವಲಕ್ಕಿ, ರವೆ, ಹೆಸರುಬೇಳೆ, ಕಡಲೆಹಿಟ್ಟು, ಹುರಿಗಡಲೆ ಅಥವಾ ಶೇಂಗಾ, ಹುಣಸೆಹಣ್ಣು, ಬೆಲ್ಲ, ಯಾವುದಾದರೊಂದು ಪುಡಿ. ಹೆಸರುಬೇಳೆಯನ್ನು ಯಾಕೆ ಹೇಳಿದೆನೆಂದರೆ ಅದು ತೊಗರಿಗಿಂತ ಬೇಗ ಬೇಯುತ್ತದೆ, ಕುಕ್ಕರ್ ಇಲ್ಲದೆಯೂ ತೊವ್ವೆಯಾಗುತ್ತದೆ, ಒಲೆಯೇ ಇಲ್ಲದೆ ನೆನೆಸಿ ಕೋಸಂಬರಿಯೂ ಆಗುತ್ತದೆ. ಪುಣೆಯ ಆ ಹುಡುಗನಿಗೂ ಇದನ್ನೇ ಹೇಳುತ್ತೇನೆ, ತಮ್ಮಾ, ಈ ಎಂಟು ಡಬ್ಬಿ ತುಂಬಿಸಿಡು. ಮೊದಲ ಸಲ ಹುಳಿ ಜಾಸ್ತಿಯಾದರೆ ಒಂದು ಚೂರು ಬೆಲ್ಲ ಹಾಕು, ಖಾರ ಜಾಸ್ತಿಯಾದರೆ ಹುರಿಗಡಲೆ ಪುಡಿ ಉದುರಿಸು, ನೀರಾದರೆ ಇನ್ನೂ ಐದು ನಿಮಿಷ ಕುದಿಸು. ನೀನು ಮಾಡಿದ್ದಕ್ಕೆ ಏನು ಹೆಸರು ಎಂದು ರೂಮಿನವರು ಕೇಳಿದರೆ ಗೊಜ್ಜು ಅನ್ನು. ಹತ್ತರಲ್ಲಿ ಒಂಬತ್ತು ಸಲ ಅದು ಸುಳ್ಳಾಗಿರುವುದಿಲ್ಲ.